ಏನೂ ಗೊತ್ತಿಲ್ಲದವನ ಹುದ್ದೆ

ದಡ್ಡರನ್ನು ಬುದ್ಧಿವಂತರನ್ನಾಗಿ ಮಾಡುವ ಟೀಚರುಗಳು ಊರಿಗೊಬ್ಬರಾದರೂ ಸಿಗುತ್ತಾರೆ. ಆದರೆ ಒಬ್ಬ ಬುದ್ಧಿವಂತನನ್ನು ಹಿಡಿದು ಕೂರಿಸಿ, ಹಂತಹಂತವಾಗಿ, ಸಾರ್ವಜನಿಕವಾಗಿ, ಶಾಸ್ತ್ರೋಕ್ತವಾಗಿ ದಡ್ಡನನ್ನಾಗಿ ಮಾಡಿದ ಟೀಚರು ಈ ಭೂಮಂಡಲದಲ್ಲಿ ಒಬ್ಬಳೇ. ಅವಳು ನನ್ನ ಅಕ್ಕ. ಆ ಬುದ್ಧಿವಂತ ಯಾರೆಂದು ಹೇಳಲು ನನ್ನ ವಿನಯ ಅಡ್ಡ ಬರುತ್ತದೆ. ಆ ದಡ್ಡ ಯಾರೆಂದು ಹೇಳುವ ಅಗತ್ಯವೇ ಇಲ್ಲ. ಸುರತ್ಕಲ್ಲಿನಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ಮನೆಯವರೆಗೆ ಕರೆತಂದು ತೋರಿಸುತ್ತಾರೆ!

ನಾನು ಪಣಂಬೂರಿನ ಒಂದು ಹಡಗು ಏಜೆನ್ಸಿಯಲ್ಲಿ ಮ್ಯಾನೇಜರನಾಗಿ ನಿವೃತ್ತನಾದವನು. ದೇಶವಿದೇಶದ ಕ್ಯಾಪ್ಟನ್ನರು ನನ್ನ ಕೈ ಕುಲುಕಿದ್ದಾರೆ. ಕಚೇರಿಯಲ್ಲಿ ನಾನು ಒಮ್ಮೆ ಕೆಮ್ಮಿದರೆ ಮೂರು ಮೇಜಿನ ಆಚೆಗಿನ ಗುಮಾಸ್ತ ಎದ್ದು ನಿಲ್ಲುತ್ತಿದ್ದ. ಹೀಗೆ ಜೀವಮಾನವಿಡೀ ಇಸ್ತ್ರಿ ಹಾಕಿ ಮಡಚಿಟ್ಟುಕೊಂಡು ಬಂದ ಮಾನವನ್ನು ನಿವೃತ್ತಿಯ ನಂತರ ಒಂದು ಮರದ ಸ್ಟೂಲಿನ ಮೇಲೆ ಕಳೆದುಕೊಂಡೆ. ಹುಡುಕಿ ಕೊಡುವವರು ಯಾರೂ ಇಲ್ಲದ ಕಾರಣ ಈ ಪ್ರಬಂಧ.

ಅಕ್ಕ ಹೈಸ್ಕೂಲಿನ ಕನ್ನಡ ಟೀಚರಾಗಿದ್ದವಳು. ಮದುವೆಯಾಗಲು ಅವಳಿಗೆ ಪುರುಸೊತ್ತು ಸಿಗಲಿಲ್ಲ. ಪರರ ಮಕ್ಕಳ ವಾಕ್ಯಗಳನ್ನು ರಿಪೇರಿ ಮಾಡುವುದರಲ್ಲೇ ಹೊತ್ತು ಕಳೆಯಿತು. ಈಗ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದಾಳೆ. ಆದಿತ್ಯವಾರ ಬೆಳಿಗ್ಗೆ ಓಣಿಯ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿ ಪಾಠ ಮಾಡುತ್ತಾಳೆ. ಯಾವ ಪಾಠ? ಲೆಕ್ಕವೇ? ವಿಜ್ಞಾನವೇ? ಅಲ್ಲ. ಪ್ರಬಂಧ! ಅದರಲ್ಲೂ ಒಂದೇ ಜಾತಿಯ ಪ್ರಬಂಧ: ಒಬ್ಬನಿಗೆ ಗೊತ್ತಿಲ್ಲದ ಒಂದು ವಿಷಯವನ್ನು ಗೊತ್ತಾಗುವ ಹಾಗೆ ವಿವರಿಸುವುದು. ಕಥೆ, ಕಲ್ಪನೆ, ‘ನಾನು ಪ್ರಧಾನಿಯಾದರೆ’ ಇತ್ಯಾದಿಗಳಿಗೆ ಗೇಟಿನೊಳಗೆ ಪ್ರವೇಶವಿಲ್ಲ.

ಗೈಡು ನೋಡಿ ಬರೆದದ್ದನ್ನು ಅವಳು ವಾಸನೆಯಲ್ಲೇ ಹಿಡಿಯುತ್ತಾಳೆ. ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರುವಾದ ಹಾಳೆಯನ್ನು ಎರಡೇ ಬೆರಳಿನಲ್ಲಿ, ಮೊನ್ನೆಯ ಬೂತಾಯಿ ಮೀನನ್ನು ಹಿಡಿದ ಹಾಗೆ, ಮೈಯಿಂದ ದೂರ ಹಿಡಿದು ಹಿಂದೆ ಕೊಡುತ್ತಾಳೆ.

“ಮಕ್ಕಳು ಪ್ರಬಂಧ ಯಾರಿಗೆ ಬರೆಯುವುದು? ಟೀಚರಿಗೆ,” ಎನ್ನುವುದು ಅವಳ ಸಿದ್ಧಾಂತ. “ಟೀಚರಿಗೆ ಎಲ್ಲ ಮೊದಲೇ ಗೊತ್ತುಂಟು. ಗೊತ್ತಿರುವವನಿಗೆ ಯಾರಾದರೂ ಬಿಡಿಸಿ ಹೇಳ್ತಾರಾ? ಅದಕ್ಕೇ ಎಲ್ಲರ ಪ್ರಬಂಧ ತಿಳಿಗಂಜಿಯ ಹಾಗೆ ಆಗುವುದು. ಎದುರಿಗೆ ಏನೂ ಗೊತ್ತಿಲ್ಲದ ಒಂದು ಜೀವ ಬೇಕು.”

ಆ ಜೀವಕ್ಕಾಗಿ ಅವಳು ಪಟ್ಟ ಪಾಡು ಸಣ್ಣದಲ್ಲ. ಮೊದಲು ಮಕ್ಕಳಿಂದ ಗೋಡೆಗೆ ಓದಿಸಿದಳು. ಗೋಡೆ ಪ್ರಶ್ನೆ ಕೇಳಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕರೆತಂದಳು. ಅಜ್ಜಿ ಪೀಠಿಕೆಯಲ್ಲೇ ನಿದ್ದೆ ಹೋದರು. (ಆ ಪೀಠಿಕೆಯನ್ನು ಬರೆದವನು ಪುನಃ ಬರೆಯಬೇಕಾಯಿತು. “ನಿದ್ದೆ ಬಂದದ್ದು ಅಜ್ಜಿಯ ತಪ್ಪಲ್ಲ!” ಎಂದು ಅಕ್ಕನ ತೀರ್ಪು.) ಮೂರನೆಯದಾಗಿ ಬಂದ ನಿವೃತ್ತ ಲೆಕ್ಚರರು ಪ್ರತಿ ವಾಕ್ಯಕ್ಕೂ “ಅದು ನನಗೆ ಗೊತ್ತು” ಎಂದು ಹೇಳಿ ಒಂದೇ ವಾರದಲ್ಲಿ ವಜಾ ಆದರು. ಸರಿಯಾಗಿ ಆ ಹೊತ್ತಿನಲ್ಲಿ ಚಹಾದ ಲೋಟ ಹಿಡಿದುಕೊಂಡು, ಪೇಪರು ಕಂಕುಳಲ್ಲಿಟ್ಟುಕೊಂಡು, ಮೆಟ್ಟಿಲಿಳಿದು ಬಂದವನು ನಾನು.

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ನಿನಗೆ ಈಗ ಎಂತ ಕೆಲಸ ಉಂಟು?”

“ಎಂತದೂ ಇಲ್ಲ.”

“ಈ ಸ್ಟೂಲಿನಲ್ಲಿ ಕೂತ್ಕೋ. ಇವತ್ತಿನಿಂದ ನಿನಗೆ ಏನೂ ಗೊತ್ತಿಲ್ಲ.”

“ಯಾವುದರ ಬಗ್ಗೆ ಅಕ್ಕ?”

“ಯಾವುದರ ಬಗ್ಗೆಯೂ.”

ನನ್ನ ನೇಮಕಾತಿ ಹೀಗಾಯಿತು. ಅರ್ಜಿ ಇಲ್ಲ, ಸಂದರ್ಶನ ಇಲ್ಲ. ನೋಡಿದ ಕೂಡಲೇ ಅರ್ಹತೆ ಕಂಡಿತಂತೆ!

ಹುದ್ದೆಯ ಕರ್ತವ್ಯಗಳು ಇಷ್ಟು. ಬರೆಯುವ ಮೊದಲು ಮಗು ಎದ್ದು ನಿಂತು, ಬರೆದು ಮುಗಿಯುವಾಗ ನನಗೆ ಏನು ಗೊತ್ತಾಗಿರಬೇಕು ಎಂದು ಒಂದೇ ವಾಕ್ಯದಲ್ಲಿ ಹೇಳಬೇಕು. ಆ ವಾಕ್ಯ ಬಾಯಿಗೆ ಬಾರದಿದ್ದರೆ ಪೆನ್ನು ಮುಟ್ಟುವ ಹಾಗಿಲ್ಲ. ಆಮೇಲೆ ಆ ಒಂದು ವಾಕ್ಯವನ್ನು ತುಂಡು ಮಾಡಿ, ಯಾವ ತುಂಡು ಮೊದಲು, ಯಾವುದು ಆಮೇಲೆ ಎಂದು ನಾನು ಎಡವದ ಹಾಗೆ ಜೋಡಿಸಬೇಕು. ಆಮೇಲೆ ಬರವಣಿಗೆ. ಪ್ರತಿ ವಾಕ್ಯಕ್ಕೂ ನನಗೆ ಮೂರು ಪ್ರಶ್ನೆ ಕೇಳುವ ಅಧಿಕಾರವಿತ್ತು: “ಹಾಗೆಂದರೆ ಎಂತ?” “ಯಾಕೆ?” “ಉದಾಹರಣೆಗೆ?” ಮಗು ಕೊಟ್ಟ ಉತ್ತರ ಹಾಗೆಯೇ ಪ್ರಬಂಧದೊಳಗೆ ಹೋಗಬೇಕು. ಬಡಕಲು ಪ್ಯಾರಾ ಮೈ ತುಂಬಿಕೊಳ್ಳುವುದು ಹೀಗೆ ಎಂದು ಅಕ್ಕನ ಮತ. ಮಗು ತಪ್ಪು ಹೇಳಿದರೆ ತಿದ್ದುವ ಅಧಿಕಾರ ಮಾತ್ರ ನನಗಿರಲಿಲ್ಲ. ಏನೂ ಗೊತ್ತಿಲ್ಲದವನು ತಿದ್ದುವುದು ಹೇಗೆ?

ಮೊದಲ ದಿನವೇ ನನ್ನ ಪಾಲಿಗೆ ಬಂದ ವಿಷಯ, ದೇವರೇ, ಹಡಗು! ಬರೆದವಳು ಎಂಟನೇ ಕ್ಲಾಸಿನ ಎರಡು ಜಡೆಯ ಹುಡುಗಿ. ಬಹಳ ಕರುಣೆಯ ಮಗು.

“ಅಂಕಲ್, ಹಡಗು ಅಂದ್ರೆ ನೀರಿನ ಮೇಲೆ ಹೋಗುವ ದೊಡ್ಡ ವಾಹನ.”

“ಹಾಗೆಂದರೆ ಎಂತ?”

ಹುಡುಗಿ ಚಿಂತೆಗೆ ಬಿದ್ದಳು. “ಬಸ್ಸು ಗೊತ್ತುಂಟಾ ಅಂಕಲ್ ನಿಮಗೆ?”

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಅಡ್ಡಡ್ಡ ತಲೆಯಾಡಿಸಿದಳು. “ಇಲ್ಲ,” ಎಂದೆ.

“ಅಯ್ಯೋ, ಪಾಪ!”

ಆ ‘ಪಾಪ’ ಎಷ್ಟು ಪ್ರಾಮಾಣಿಕವಾಗಿತ್ತೆಂದರೆ ನನಗೇ ನನ್ನ ಮೇಲೆ ಕನಿಕರ ಹುಟ್ಟಿತು. ಹುಡುಗಿ ಮುಂದುವರಿಸಿದಳು. ಹಡಗನ್ನು ಕಬ್ಬಿಣದಿಂದ ಮಾಡುತ್ತಾರಂತೆ. ಕಬ್ಬಿಣ ಮುಳುಗುವುದಿಲ್ಲವೇ ಎಂದು ಕೇಳಿದೆ. ಮೊಳೆ ಬಾವಿಗೆ ಬಿದ್ದರೆ ಮುಳುಗುತ್ತದೆ, ಕೊಡಪಾನ ಬಿದ್ದರೆ ತೇಲುತ್ತದೆ, ಹಡಗು ಕೊಡಪಾನದ ಜಾತಿ ಎಂದಳು. ಅಕ್ಕ ಕಣ್ಣು ಮುಚ್ಚಿ ನಿಧಾನವಾಗಿ ತಲೆದೂಗಿದಳು; ಉದಾಹರಣೆ ಮನಸ್ಸಿಗೆ ಬಂದರೆ ಅವಳು ಮಾಡುವುದು ಹಾಗೆ. ಅಲ್ಲಿಯವರೆಗೆ ಎಲ್ಲ ಸುಖವಾಗಿತ್ತು. ಅಷ್ಟರಲ್ಲಿ ಹುಡುಗಿ, “ಕ್ಯಾಪ್ಟನ್ ಹಡಗನ್ನು ಸೀದಾ ತಂದು ಬಂದರಿನಲ್ಲಿ ಪಾರ್ಕ್ ಮಾಡ್ತಾನೆ” ಎಂದುಬಿಟ್ಟಳು.

ಪಾರ್ಕ್! ನನ್ನೊಳಗಿನ ಮ್ಯಾನೇಜರು ಎದ್ದು ನಿಂತ. “ಹಾಗಲ್ಲ ಮಗಾ. ಮೊದಲು ದಾರಿ ತೋರಿಸಲಿಕ್ಕೆ ಬಂದರಿನ ಪೈಲಟ್ ಹೋಗಬೇಕು, ಎಳೆಯಲಿಕ್ಕೆ ಟಗ್ಗು ದೋಣಿ ಬರಬೇಕು, ಆಮೇಲೆ...”

“ಅವನಿಗೆ ಗೊತ್ತಿಲ್ಲ!” ಅಕ್ಕನ ಸ್ಕೇಲು ಮೇಜಿಗೆ ಬಡಿಯಿತು.

“ಅಕ್ಕ, ನನ್ನ ಇಡೀ ಜೀವನವೇ ಅಲ್ಲಿ...”

“ನಿನ್ನ ಜೀವನವನ್ನು ಚಪ್ಪಲಿಯೊಟ್ಟಿಗೆ ಮೆಟ್ಟಿಲ ಹತ್ರ ಬಿಟ್ಟು ಬರ್ಬೇಕು. ಹೊರಗೆ ನಿಲ್ಲು.”

ನಿಂತೆ. ಪೆನ್ಶನ್ ಬರುವ ವಯಸ್ಸಿನಲ್ಲಿ, ಗೇಟಿನ ಪಕ್ಕದಲ್ಲಿ, ಕೈ ಕಟ್ಟಿಕೊಂಡು ನಿಂತೆ. ಗ್ಯಾಸ್ ಸಿಲಿಂಡರಿನವನು ನೋಡಿದ, ಹಾಲಿನವನು ನೋಡಿದ. ನನ್ನ ಹೆಂಡತಿ ಮೇಲಿನ ಬಾಲ್ಕನಿಯಿಂದ ನೋಡಿದಳು; ಏನೂ ಕೇಳಲಿಲ್ಲ. ಕೇಳಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಗೇಟಿನ ಪಕ್ಕದ ಅವಮಾನ ಓಣಿಯೊಳಗಿನದು, ಹೇಗಾದರೂ ನುಂಗಿಕೊಳ್ಳಬಹುದು. ಟೌನಿನ ಪಂಪ್‌ವೆಲ್ ಸರ್ಕಲ್ಲಿನದು ಹಾಗಲ್ಲ, ಅದು ರಾಷ್ಟ್ರೀಯ ಹೆದ್ದಾರಿಯ ಮಟ್ಟದ್ದು.

ಕೂತಲ್ಲೇ ಕೂತು ಬರೆದರೆ ವಿವರ ಹುಟ್ಟುವುದಿಲ್ಲ, ಕಣ್ಣಿಂದ ನೋಡಬೇಕು ಎಂದು ಅಕ್ಕನಿಗೆ ಒಂದು ದಿನ ಹೊಳೆಯಿತು. ‘ರಸ್ತೆ ದಾಟುವುದು’ ಎನ್ನುವ ವಿಷಯ ಕೊಟ್ಟು, ಮಕ್ಕಳನ್ನೂ ನನ್ನನ್ನೂ ಬಸ್ಸಿಗೆ ತುಂಬಿಸಿ ಪಂಪ್‌ವೆಲ್ಲಿಗೆ ಕರೆದುಕೊಂಡು ಹೋದಳು. ಫ್ಲೈಓವರಿನ ಕೆಳಗೆ, ನಾಲ್ಕೂ ದಿಕ್ಕಿನಿಂದ ಬಸ್ಸುಗಳು ಹಾರ್ನು ಹೊಡೆಯುತ್ತಾ ನುಗ್ಗುವ ಜಾಗದಲ್ಲಿ ನನ್ನನ್ನು ನಿಲ್ಲಿಸಿದಳು.

“ನೀನು ರಸ್ತೆಯೇ ಇಲ್ಲದ ಊರಿನಿಂದ ಬಂದವ.”

“ಅದು ಯಾವ ಊರು ಅಕ್ಕ?”

“ಅದು ನಿನಗೆ ಗೊತ್ತಿಲ್ಲ.”

ಎರಡು ಜಡೆಯ ಹುಡುಗಿ ನನ್ನ ಕೈ ಹಿಡಿದುಕೊಂಡಳು. “ಅಂಕಲ್, ಮೊದಲು ಬಲಕ್ಕೆ ನೋಡ್ಬೇಕು.”

“ಯಾಕೆ?”

“ಬಸ್ಸು ಬರ್ತದೆ.”

“ಬಂದರೆ?”

“ಬಂದರೆ ನೀವು ಇರುವುದಿಲ್ಲ ಅಂಕಲ್.”

ಈ ಗಂಭೀರ ತತ್ತ್ವಚರ್ಚೆ ನಡೆಯುತ್ತಿದ್ದಾಗ ಒಂದು ಕಾರು ಬದಿಗೆ ಬಂದು ನಿಂತಿತು. ಗಾಜು ಇಳಿಯಿತು. ಒಳಗಿದ್ದವನು ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ. ನಾನು ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದವನು, ಈಗ ನನ್ನದೇ ಕುರ್ಚಿಯಲ್ಲಿ ಕೂತ ಮ್ಯಾನೇಜರು!

“ಸರ್! ಎಂತ ಸರ್ ಇಲ್ಲಿ? ಎಲ್ಲಿಗೆ ಹೋಗ್ಲಿಕ್ಕೆ?”

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಕಾರಿನ ಕಿಟಕಿಗೆ ಬಗ್ಗಿ, ಗುಟ್ಟು ಹೇಳುವ ಸ್ವರದಲ್ಲಿ ಹೇಳಿದಳು: “ಅವರಿಗೆ ಬೇಗ ಗೊತ್ತಾಗುವುದಿಲ್ಲ ಅಂಕಲ್. ಸ್ವಲ್ಪ ನಿಧಾನ ಮಾತಾಡಿ. ನಾವೆಲ್ಲ ಒಟ್ಟಿಗೆ ಇದ್ದೇವೆ, ಹೆದರ್ಬೇಡಿ.”

“ಹಾಗಲ್ಲ ಮಾರಾಯ,” ಎಂದೆ. “ಇದು ಪ್ರಬಂಧ. ನನಗೆ ರಸ್ತೆ ಗೊತ್ತುಂಟು. ಅಕ್ಕ ಗೊತ್ತಿಲ್ಲ ಅಂತ ಹೇಳಿದ್ದಕ್ಕೆ ಗೊತ್ತಿಲ್ಲ, ಅಷ್ಟೇ.” ನಾನು ವಿವರಿಸಿದಷ್ಟೂ ಅವನ ಕಣ್ಣು ಒದ್ದೆಯಾಗುತ್ತಾ ಹೋಯಿತು. ಮರುದಿನ ಒಂದು ಗೊನೆ ಕದಳಿ ಬಾಳೆಹಣ್ಣು ಹೊತ್ತುಕೊಂಡು ಮನೆಗೇ ಬಂದ. ನನ್ನ ಎದುರು ಸ್ಟೂಲೆಳೆದು ಕೂತು, ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕೇಳಿದ: “ಸರ್... ನಾನು... ಯಾರು? ಹೇಳಿ ನೋಡುವ!”

ಇಂಥ ಕೀರ್ತಿಗೆ ಪ್ರಚಾರಕರು ಬೇಕಾಗುವುದಿಲ್ಲ. ಮೀನಿನ ಹೆಂಗಸು ಗೇಟಿನಲ್ಲಿ ಬುಟ್ಟಿ ಇಳಿಸಿ, ಒಂದು ಮೀನನ್ನು ನನ್ನ ಮೂಗಿನ ಹತ್ತಿರ ಹಿಡಿದು, “ಅಣ್ಣಾ, ಇದು ಬಂಗುಡೆ. ಸಮುದ್ರದಲ್ಲಿ ಇರ್ತದೆ. ಒಳಗೆ ಮುಳ್ಳುಂಟು ಆಯ್ತಾ?” ಎಂದು ಹೇಳಿಕೊಡತೊಡಗಿದಳು. ಸೆಲೂನಿನವನು ಕತ್ತರಿ ತೆಗೆಯುವ ಮೊದಲು “ಈಗ ಸ್ವಲ್ಪ ಶಬ್ದ ಬರ್ತದೆ, ಹೆದರ್ಲಿಕ್ಕಿಲ್ಲ” ಎಂದು ಬೆನ್ನು ತಟ್ಟಿದ. ಸಿಟಿ ಬಸ್ಸಿನ ಕಂಡಕ್ಟರನ ಮಗಳೂ ಅಕ್ಕನ ಶಿಷ್ಯೆ. ಅವನು ಸೀಟಿ ಊದಿ, ಬಸ್ಸು ಪೂರ್ತಿ ನಿಲ್ಲಿಸಿ, ನನ್ನ ರಟ್ಟೆ ಹಿಡಿದು, “ಅಂಕಲ್, ಇದು ಸುರತ್ಕಲ್. ನಿಮ್ಮ ಊರು. ಇಳೀರಿ, ಬಲಗಾಲು ಮೊದಲು” ಎಂದಾಗ ಇಡೀ ಬಸ್ಸು ನನ್ನ ಕಡೆ ತಿರುಗಿತು. ನಾನು ಬಲಗಾಲನ್ನೇ ಮೊದಲು ಇಟ್ಟೆ. ಬೇರೆ ಏನು ಮಾಡಲಿ?

ಒಂದು ಮಾತು ಒಪ್ಪಿಕೊಳ್ಳಬೇಕು. ಮಕ್ಕಳ ಪ್ರಬಂಧ ಮಾತ್ರ ಸೊಗಸಾಗಿ ಬೆಳೆಯಿತು. ಆರು ಗೆರೆಯಲ್ಲಿ ಉಸಿರು ಬಿಡುತ್ತಿದ್ದವರು ಈಗ ನನ್ನ ‘ಯಾಕೆ’ ಬರುವ ಮೊದಲೇ ಕಾರಣ ಬರೆದುಕೊಂಡು ಬರುತ್ತಿದ್ದರು. ಅವರ ಪ್ಯಾರಾಗಳು ಉಬ್ಬಿದಷ್ಟೂ ನನ್ನ ಮಾನ ಬತ್ತುತ್ತಿತ್ತು. ಎಲ್ಲಿಂದಲೋ ಬರಬೇಕಲ್ಲ ಸತ್ವ!

ಇಷ್ಟಾದರೂ ಈ ನಾಟಕ ಹೊರಗಿನದು, ಒಳಗಿನ ನಾನು ನಾನೇ ಎಂದು ಧೈರ್ಯದಿಂದಿದ್ದೆ. ಆ ಧೈರ್ಯ ಉರುಳಿದ್ದು ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಮರ್ಯಾದಸ್ಥ ಜನ. ಹುಡುಗನ ತಂದೆ ಬಿಳಿ ಅಂಗಿಯ ತೂಕದ ಮನುಷ್ಯ. ನಾನು ಇದ್ದದ್ದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು, ಹಳೆಯ ಮ್ಯಾನೇಜರನ ಕೆಮ್ಮನ್ನು ಒಮ್ಮೆ ಕೆಮ್ಮಿ, ಎದುರು ಕೂತಿದ್ದೆ.

“ನಮ್ಮದು ಹೋಟೆಲ್,” ಎಂದರು ಅವರು.

“ಹಾಗೆಂದರೆ ಎಂತ?” ಎಂದೆ ನಾನು.

ನಾನಲ್ಲ ಸ್ವಾಮಿ, ನನ್ನ ನಾಲಿಗೆ! ಅಷ್ಟು ಆದಿತ್ಯವಾರಗಳ ಅಭ್ಯಾಸ! ಗೋಳಿಬಜೆಯ ತಟ್ಟೆ ಹಿಡಿದುಕೊಂಡು ಬರುತ್ತಿದ್ದ ನನ್ನ ಹೆಂಡತಿ ಬಾಗಿಲಲ್ಲೇ ಕಂಬವಾದಳು. ಹುಡುಗನ ತಂದೆ ಒಮ್ಮೆ ಹೆಂಡತಿಯ ಮುಖ ನೋಡಿ, ಒಮ್ಮೆ ನನ್ನ ಮುಖ ನೋಡಿ, ಬಹಳ ಮೆತ್ತಗೆ ಹೇಳಿದರು: “ಹೋಟೆಲ್ ಅಂದ್ರೆ... ಜನ ಬರ್ತಾರೆ. ಕೂತ್ಕೊಳ್ತಾರೆ. ತಿಂತಾರೆ.”

“ಯಾಕೆ?” ಎಂದಿತು ನಾಲಿಗೆ.

ಆಮೇಲೆ ಅವರು ನಿಲ್ಲಲಿಲ್ಲ. ಅಕ್ಕಿ ನೆನೆಹಾಕುವಲ್ಲಿಂದ ಹಿಡಿದು ಕೈ ತೊಳೆಯುವ ಬೇಸಿನ್ನಿನವರೆಗೆ ಎಲ್ಲವನ್ನೂ ಕ್ರಮಬದ್ಧವಾಗಿ, ಉದಾಹರಣೆಸಹಿತ ವಿವರಿಸಿದರು. ಅಕ್ಕ ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದಳು. ಸಂಬಂಧ ಕುದುರಿತು. ಕಾರಣ ಆಮೇಲೆ ಗೊತ್ತಾಯಿತು: “ಅಪ್ಪ ಈ ಸ್ಥಿತಿಯಲ್ಲಿ ಇದ್ದರೂ ಹುಡುಗಿ ಎಷ್ಟು ಗಟ್ಟಿ ನಿಂತಿದ್ದಾಳೆ ನೋಡಿ!” ಎಂದು ಮೆಚ್ಚಿಕೊಂಡರಂತೆ. ಮಗಳು ನನ್ನೊಡನೆ ಮಾತು ಬಿಟ್ಟಳು. ಹೆಂಡತಿ ಬಿಡಲಿಲ್ಲ; ಬಿಟ್ಟಿದ್ದರೆ ವಾಸಿಯಿತ್ತು.

“ಇವತ್ತೇ ಹೋಗಿ ಅತ್ತಿಗೆಗೆ ಹೇಳಿ, ಇನ್ನು ಆಗುವುದಿಲ್ಲ ಅಂತ. ಇಲ್ಲದಿದ್ದರೆ ನಾಳೆ ಧಾರೆ ಎರೆಯುವಾಗ ಭಟ್ರ ಹತ್ರ ‘ಮದುವೆ ಅಂದರೆ ಎಂತ’ ಅಂತ ಕೇಳ್ತೀರಿ ನೀವು!”

ಸತ್ಯವಾದ ಮಾತು. ನಾನು ಮನಸ್ಸಿನಲ್ಲೇ ಒಂದು ರಾಜೀನಾಮೆ ಸಿದ್ಧಪಡಿಸಿಕೊಂಡು ಕೆಳಗಿಳಿದೆ. ಅಕ್ಕ ಜಗಲಿಯ ಮೆಟ್ಟಿಲಲ್ಲಿ ಕೂತಿದ್ದಳು, ಒಂದು ಕೈಯಲ್ಲಿ ಕಂಬ ಹಿಡಿದುಕೊಂಡು. ಈಚೆಗೆ ಬೋರ್ಡಿನಲ್ಲಿ ನಾಲ್ಕು ಗೆರೆ ಬರೆದರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಚಾಕ್‌ಪೀಸಿನ ಧೂಳು ಎನ್ನುತ್ತಿದ್ದಳು. ನಾವೂ ಧೂಳೆಂದೇ ನಂಬಿದ್ದೆವು.

“ಅಕ್ಕ, ನನಗೆ ಮಾನ ಮರ್ಯಾದೆ ಅಂತ ಒಂದು ಉಂಟು.”

“ಉಂಟಾ?”

“ಇತ್ತು,” ಎಂದು ತಿದ್ದಿಕೊಂಡೆ. “ಊರವರಿಗೆಲ್ಲ ನಾನು ತಮಾಷೆ ಆಗಿದ್ದೇನೆ. ಇನ್ನು ನನ್ನಿಂದ ಈ ಗೊತ್ತಿಲ್ಲದವನ ಕೆಲಸ ಆಗುವುದಿಲ್ಲ.”

ಅವಳು ಜಗಳವಾಡಲಿಲ್ಲ. ನನಗೆ ಅದೇ ವಿಚಿತ್ರವೆನಿಸಿತು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, “ಆಯ್ತು. ನಾಳೆ ಟೌನಿಗೆ ನನ್ನೊಟ್ಟಿಗೆ ಒಮ್ಮೆ ಬಾ. ಡಾಕ್ಟರ್ ಬರ್ಲಿಕ್ಕೆ ಹೇಳಿದ್ದಾನೆ. ಆಮೇಲೆ ನಿನ್ನನ್ನು ಕರೆಯುವುದಿಲ್ಲ” ಎಂದಳು.

ಡಾಕ್ಟರು ತರುಣ. ಒಳ್ಳೆಯವನೇ, ಆದರೆ ಹೊರಗೆ ಬೆಂಚು ತುಂಬ ಜನ. ಕಂಪ್ಯೂಟರಿನ ಪರದೆ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ. ಮೈಟ್ರಲ್ ವಾಲ್ವ್ ಎಂದ, ಸಿವಿಯರ್ ಎಂದ, ಸರ್ಜರಿ ಎಂದ. ಅಕ್ಕ ನೆಟ್ಟಗೆ ಕೂತು ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಳು. “ಹೌದು. ಹೌದು. ಸರಿ.”

ಆ ತಲೆಯಾಡಿಸುವಿಕೆ ನನಗೆ ಗೊತ್ತಿತ್ತು. ಗೊತ್ತಾಗದ ಮಕ್ಕಳೇ ಎಲ್ಲರಿಗಿಂತ ಬೇಗ ತಲೆಯಾಡಿಸುತ್ತಾರೆ ಎಂದು ನನಗೆ ಹೇಳಿಕೊಟ್ಟವಳೇ ಅವಳು. ಮಡಿಲಲ್ಲಿ ಅವಳ ಬೆರಳುಗಳು ಸೀರೆಯ ಅಂಚಿನ ಒಂದು ನೂಲನ್ನು ಎಳೆಯುತ್ತಿದ್ದವು. ನನ್ನನ್ನು ಪಂಪ್‌ವೆಲ್ಲಿನ ನಡುವೆ ನಿಲ್ಲಿಸಿ ‘ಯಾಕೆ’ ಎಂದು ಕೂಗಿಸಿದವಳಿಗೆ, ತನ್ನ ಶಿಷ್ಯನ ವಯಸ್ಸಿನ ಹುಡುಗನೆದುರು ಒಂದು ‘ಹಾಗೆಂದರೆ ಎಂತ’ ಕೇಳಲು ನಾಚಿಕೆ! ಟೀಚರಲ್ಲವೇ?

“ಎನಿ ಕ್ವೆಶ್ಚನ್ಸ್?” ಎಂದ ಡಾಕ್ಟರು.

“ನೋ, ನೋ. ಎಲ್ಲ ಗೊತ್ತಾಯಿತು,” ಎಂದು ಅಕ್ಕ ಆಗಲೇ ಎದ್ದಿದ್ದಳು.

“ನನಗೆ ಗೊತ್ತಾಗಲಿಲ್ಲ,” ಎಂದೆ ನಾನು. “ವಾಲ್ವ್ ಅಂದರೆ ಎಂತ ಡಾಕ್ಟ್ರೇ?”

ಹಡಗಿನ ಎಂಜಿನ್ ರೂಮಿನಲ್ಲಿ ಬಿಚ್ಚಿಟ್ಟ ವಾಲ್ವುಗಳನ್ನು ದಾಟಿಕೊಂಡು ನಡೆದವನು ನಾನು. ನರ್ಸು ನಗು ತಡೆಯಲು ಫೈಲಿನಲ್ಲಿ ಮುಖ ಮರೆಸಿಕೊಂಡಳು. ಅರ್ಧ ತೆರೆದ ಬಾಗಿಲಿನಿಂದ ಮುಂದಿನ ರೋಗಿಯ ಮನೆಯವರು ಇಣುಕಿದರು. ಕಿವಿ ಬಿಸಿಯಾಯಿತು. ಆದರೂ ಕೂತಲ್ಲಿಂದ ಏಳಲಿಲ್ಲ. ಡಾಕ್ಟರು ನನ್ನನ್ನು ಒಮ್ಮೆ ನೋಡಿ, ಪೆನ್ನು ತೆಗೆದುಕೊಂಡು, ಚೀಟಿಯ ಮೇಲೆ ಒಂದು ಹೃದಯದ ಚಿತ್ರ ಬರೆದು, ಕನ್ನಡಕ್ಕಿಳಿದ.

“ಇದೊಂದು ಬಾಗಿಲು ಅಂತ ಇಟ್ಕೊಳ್ಳಿ. ರಕ್ತ ಈ ಕಡೆ ಹೋದ ಮೇಲೆ ಮುಚ್ಚಬೇಕು. ಇವರದ್ದು ಮುಚ್ಚುವುದಿಲ್ಲ.”

“ಉದಾಹರಣೆಗೆ?”

ಅವನು ಪೆನ್ನು ಕಚ್ಚಿ ಯೋಚಿಸಿದ. “ಮನೆಯಲ್ಲಿ ಬಾವಿ ಉಂಟಾ? ಪಂಪಿನ ಫುಟ್‌ವಾಲ್ವ್ ಹಾಳಾದರೆ ಮೇಲೆ ಬಂದ ನೀರು ಪುನಃ ಕೆಳಗೆ ಇಳಿಯುತ್ತದಲ್ಲ? ಪಂಪು ಸುಮ್ಮನೆ ಓಡಿ ಓಡಿ ಸುಸ್ತಾಗ್ತದೆ. ಹಾಗೆ.”

ಅಕ್ಕ ಪುನಃ ಕುರ್ಚಿಯಲ್ಲಿ ಕೂತಿದ್ದಳು. ಯಾಕೆ ಹೀಗಾಯಿತು ಎಂದು ಕೇಳಿದೆ. ಎಂತ ಮಾಡುತ್ತೀರಿ ಎಂದು ಕೇಳಿದೆ. ಮಾಡದಿದ್ದರೆ ಎಂದೂ ಕೇಳಿದೆ. ಅವನು ಅದನ್ನೂ ಹೇಳಿದ, ಮುಚ್ಚುಮರೆಯಿಲ್ಲದೆ, ನನ್ನ ಮುಖ ನೋಡಿ. ಅಕ್ಕ ಯಾರದೋ ಪ್ರಬಂಧವನ್ನು ಕೇಳುವವಳ ಹಾಗೆ ಕಿಟಕಿಯ ಕಡೆ ತಿರುಗಿ ಕೇಳಿಸಿಕೊಂಡಳು.

ಹೊರಗೆ ಬಂದ ಕೂಡಲೇ ಬೈದಳು. “ಎಂತ ಮಾರಾಯ, ಮರ್ಯಾದೆ ತೆಗೆದಿಯಲ್ಲ! ಅಷ್ಟು ಜನ ಕಾಯ್ತಾ ಇದ್ರು. ಆ ನರ್ಸು ನಗಾಡ್ತಿದ್ದದ್ದು ಕಂಡಿಯಾ?”

“ಕಂಡೆ.”

ಆಟೋ ಹತ್ತಿದೆವು. ಲೇಡಿಹಿಲ್ ದಾಟಿತು. ಕೊಟ್ಟಾರದ ಹತ್ತಿರ ಬಂದಾಗ ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಾ ಕೇಳಿದಳು:

“ಅವನು ಹೇಳಿದ್ದು ನಿನಗೆ ಸರಿ ಗೊತ್ತಾಯಿತಾ?”

“ಇಲ್ಲ ಅಕ್ಕ,” ಎಂದೆ. “ನೀನೇ ಹೇಳು.”

ಅವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಕುಂಟುವ ಸ್ವರದಲ್ಲಿ ಶುರು ಮಾಡಿದಳು. ಹೃದಯದಲ್ಲಿ ನಾಲ್ಕು ಕೋಣೆ ಉಂಟು. ಕೋಣೆಗಳ ನಡುವೆ ಬಾಗಿಲು ಉಂಟು. ನಾನು ಯಾಕೆ ಎಂದೆ, ಅವಳು ಹೇಳಿದಳು. ಹಾಗೆಂದರೆ ಎಂತ ಎಂದೆ, ಅದನ್ನೂ ಹೇಳಿದಳು. ಕೂಳೂರು ಬರುವ ಹೊತ್ತಿಗೆ ಸ್ವರ ಸಾಕಷ್ಟು ಗಟ್ಟಿಯಾಗಿತ್ತು. ಎದೆಯನ್ನು ಎಲ್ಲಿ ತೆರೆಯುತ್ತಾರೆ, ಹೃದಯವನ್ನು ಸ್ವಲ್ಪ ಹೊತ್ತು ಹೇಗೆ ನಿಲ್ಲಿಸುತ್ತಾರೆ, ಅಷ್ಟು ಹೊತ್ತು ಅದರ ಕೆಲಸವನ್ನು ಯಾವ ಯಂತ್ರ ಮಾಡುತ್ತದೆ, ಬಾಗಿಲನ್ನು ಹೇಗೆ ಹೊಲಿಯುತ್ತಾರೆ, ಎಲ್ಲವನ್ನೂ ಕ್ರಮ ತಪ್ಪದೆ ಹೇಳಿ ನಿಲ್ಲಿಸಿದಳು. ಆಟೋ ಸೇತುವೆ ಹತ್ತಿತು. ಕೆಳಗೆ ಹೊಳೆ ಸಮುದ್ರದ ಕಡೆ ಹೋಗುತ್ತಿತ್ತು.

“ಆಮೇಲೆ?” ಎಂದೆ. ಇದೊಂದು ಪ್ರಶ್ನೆಯ ಉತ್ತರ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅಕ್ಕ ನನ್ನ ಕೈ ಮೇಲೆ ಕೈಯಿಟ್ಟಳು.

“ಆಮೇಲೆ ಎಂತ ಮಾರಾಯ,” ಎಂದಳು. “ಮನೆಗೆ ಬರುವುದು.”